ಸಕ್ಕರೆ ಕಾಯಿಲೆ ಮತ್ತು ಕಾಲಿನ ಹುಣ್ಣು

ಸಕ್ಕರೆ ಕಾಯಿಲೆಯುಳ್ಳ ಬೆಳೆಗಾರರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿದರೆ ತೋಟದಲ್ಲಿ ಮುಳ್ಳು ಚುಚ್ಚಿದ್ದೂ ತಿಳಿಯದು. ನೋವಿಲ್ಲವೆಂದು ಹುಣ್ಣನ್ನು ಅಲಕ್ಷಿಸಬಾರದು.

ಕಾಲು ತೆಗೆಯಬೇಕಾಗಿ ಬರುವ ಸಂಭವವನ್ನು ಅಳೆಯಲು ವೈದ್ಯರು ಮೂರು ಅಂಶಗಳನ್ನು ನೋಡುತ್ತಾರೆ: ಹುಣ್ಣಿನ ಆಳ, ಪಾದಕ್ಕೆ ರಕ್ತದ ಹರಿವು, ಸೋಂಕು. 2014ರಲ್ಲಿ ಅಮೆರಿಕದ ರಕ್ತನಾಳ ಶಸ್ತ್ರವೈದ್ಯರ ಸಂಘವು ಪ್ರಕಟಿಸಿದ ಪದ್ಧತಿಯಂತೆ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ದರ್ಜೆಯುಂಟು. ಉದಾಹರಣೆಗೆ, ಕಾಲ್ಬೆರಳಿನ ರಕ್ತದೊತ್ತಡ 30ಕ್ಕಿಂತ ಕೆಳಗಿದ್ದರೆ ರಕ್ತದ ಹರಿವಿಗೆ 3. ಮೂರನ್ನೂ ಕೂಡಿಸಿ ನೋಡಿ, ಒಂದು ವರ್ಷದೊಳಗಿನ ಅಪಾಯವನ್ನು ನಾಲ್ಕು ಹಂತಗಳಲ್ಲಿ ಗುರುತಿಸುತ್ತಾರೆ.

ಈ ದರ್ಜೆ ಹಣೆಬರಹವಲ್ಲ. ಸೋಂಕು ಕಳೆದು ರಕ್ತದ ಹರಿವು ಸರಿಯಾದರೆ ಹಂತವೂ ಇಳಿಯುತ್ತದೆ. ಆದುದರಿಂದ ದಿನವೂ ಸಂಜೆ ಅಂಗಾಲನ್ನು ಪರೀಕ್ಷಿಸಿರಿ. ಬರಿಗಾಲಲ್ಲಿ ತೋಟಕ್ಕಿಳಿಯಬೇಡಿರಿ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ, ಜ್ವರ ಕಾಣಿಸಿದರೆ ಕೊಯ್ಲು ಮುಗಿಯಲೆಂದು ಕಾಯದೆ ಅಂದೇ ಆಸ್ಪತ್ರೆಗೆ ಹೋಗಿರಿ.