ಕಳೆದುಹೋದ ಮಳೆಯ ಲೆಕ್ಕ



ಕಳೆದ ಮಳೆಗಾಲದ ಒಂದು ಭಾನುವಾರ, ಪೂಜೆ ಮುಗಿದು ಜನರು ಇಗರ್ಜಿಯ ಮುಖಮಂಟಪದಲ್ಲಿ ಮಳೆ ಬಿಡಲೆಂದು ಕಾಯುತ್ತಿದ್ದಾಗ ಇಬ್ಬರು ಹಿರಿಯರ ನಡುವೆ ವಾದವೆದ್ದಿತು. "ಇಂಥ ಮಳೆ ನಾನು ಹುಟ್ಟಿದ ಮೇಲೆ ಕಂಡಿಲ್ಲ" ಎಂದರು ಒಬ್ಬರು. "ನಿಮಗೆ ಮರೆತಿದೆ ಮಾರಾಯ್ರೆ, ನಾವು ಶಾಲೆಗೆ ಹೋಗುವಾಗ ಇದಕ್ಕಿಂತ ಜೋರಿತ್ತು. ಸಂಕ ಕೊಚ್ಚಿಹೋಗಿ ಮೊಂತಿ ಹಬ್ಬಕ್ಕೂ ಬರಲಾಗಲಿಲ್ಲ" ಎಂದರು ಇನ್ನೊಬ್ಬರು. ತೀರ್ಪು ಕೊಡಿ ಎಂಬಂತೆ ಇಬ್ಬರೂ ನಮ್ಮ ಮುಖ ನೋಡಿದರು. ನಾವು ನಕ್ಕು ಜಾರಿಕೊಂಡೆವು. ಆದರೆ ಮೊದಲನೆಯವರು ಅಡಿಕೆ ತೋಟಕ್ಕೆ ಹೊಸದಾಗಿ ಕಣಿ ತೋಡಿಸಲು ಹೊರಟಿದ್ದಾರೆಂದು ಆಮೇಲೆ ತಿಳಿಯಿತು. ಎಷ್ಟು ಮಳೆಗೆ ಎಷ್ಟು ಅಗಲದ ಕಣಿ ಬೇಕು? ಆ ವಾದ ಬರಿಯ ಹರಟೆಯಾಗಿರಲಿಲ್ಲ.

ನೆನಪು ಒಬ್ಬೊಬ್ಬರ ಸೇರಿನಲ್ಲಿ ಒಂದೊಂದು ತರಹ ಅಳೆಯುತ್ತದೆ. ವಿಜ್ಞಾನಿಗಳಿಗೂ ಇದೇ ತೊಡಕು ಬಂದಿತ್ತು. ಹವಾಮಾನ ಇಲಾಖೆಗಳು ದಿನದಿನವೂ ನಕ್ಷೆ ಬರೆದವು ನಿಜ, ಆದರೆ ಲೆಕ್ಕ ಮಾಡುವ ವಿಧಾನವನ್ನು ಕೆಲವು ವರ್ಷಗಳಿಗೊಮ್ಮೆ ಸುಧಾರಿಸುತ್ತ ಬಂದವು. ಹೀಗಾಗಿ ಹಳೆಯ ನಕ್ಷೆಗೂ ಹೊಸ ನಕ್ಷೆಗೂ ವ್ಯತ್ಯಾಸ ಕಂಡರೆ ಬದಲಾದದ್ದು ಹವೆಯೋ ಸೇರೋ ಎಂದು ಹೇಳಲಾಗುತ್ತಿರಲಿಲ್ಲ. ಇದಕ್ಕೆ ಕಂಡುಕೊಂಡ ದಾರಿ ಮರುವಿಶ್ಲೇಷಣೆ. ಹಡಗುಗಳ ದಾಖಲೆ, ಭೂಮಿಯ ಮೇಲಿನ ಕೇಂದ್ರಗಳ ಅಂಕಿ, ಮಂಗಳೂರಿನಂಥ ಕಡೆಗಳಿಂದ ಹಾರಿಬಿಡುವ ಬಲೂನುಗಳ ವರದಿ, ವಿಮಾನ ಮತ್ತು ಉಪಗ್ರಹಗಳ ಮಾಹಿತಿ ಎಲ್ಲವನ್ನೂ ಒಟ್ಟುಗೂಡಿಸಿ, ಇಂದಿನ ಒಂದೇ ಗಣಕ ಮಾದರಿಯ ಮೂಲಕ ಹಳೆಯ ದಿನಗಳನ್ನೆಲ್ಲ ಮೊದಲಿನಿಂದ ಮತ್ತೆ ಲೆಕ್ಕ ಮಾಡುವುದು. ಅಂಕಿ ಇಲ್ಲದ ಜಾಗವನ್ನು ಗಾಳಿ, ಶಾಖ, ತೇವಗಳ ಭೌತಿಕ ನಿಯಮದ ಪ್ರಕಾರ ಮಾದರಿಯೇ ತುಂಬುತ್ತದೆ. ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ 'ಇಆರ್‌ಎ-5' ಎಂಬ ಸಂಗ್ರಹ 1940ರಿಂದ ಇಂದಿನವರೆಗೆ ಗಂಟೆಗಂಟೆಯ ಲೆಕ್ಕ ಕೊಡುತ್ತದೆ. ಅಮೆರಿಕದವರ ಇನ್ನೊಂದು ಸಂಗ್ರಹ ಮುಖ್ಯವಾಗಿ ವಾಯುಭಾರದ ಹಳೆಯ ಅಂಕಿಗಳನ್ನೇ ಆಧರಿಸಿ 1836ರವರೆಗೆ ಹಿಂದೆ ಹೋಗುತ್ತದೆ. ಅದು ಪ್ರತಿ ದಿನಕ್ಕೂ 80 ಉತ್ತರ ಕೊಡುತ್ತದೆ. ಎಂಬತ್ತೂ ಒಂದೇ ಮಾತು ಹೇಳಿದರೆ ನಂಬಬಹುದು, ಚದರಿಹೋದರೆ ಆ ದಿನದ ಬಗ್ಗೆ ಸಾಕ್ಷಿ ಸಾಲದೆಂದು ಅರ್ಥ. ತನಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವ ಈ ಗುಣ ನಮಗೆ ಬಹಳ ಹಿಡಿಸಿತು. (ಹಳೆಯ ವೀಕ್ಷಕರಲ್ಲಿ ನಮ್ಮ ಗುರುಗಳೂ ಇದ್ದರು. ಹವಾನಾದ ಯೇಸುಸಭೆಯ ಫಾದರ್ ಬೆನಿಟೊ ವಿನ್ಯೆಸ್ 1875ರಲ್ಲೇ ಚಂಡಮಾರುತದ ಮುನ್ಸೂಚನೆ ಕೊಟ್ಟವರು.)

ದೀರ್ಘ ದಾಖಲೆ ಏಕೆ ಬೇಕು? 'ನೂರು ವರ್ಷಕ್ಕೊಮ್ಮೆ ಬರುವ ಮಳೆ' ಎಂಬ ಮಾತನ್ನು ಕೇಳಿ, ಒಮ್ಮೆ ಬಂದುಹೋಯಿತು, ಇನ್ನು ಮೊಮ್ಮಕ್ಕಳ ಕಾಲಕ್ಕೆ ಎಂದು ಅನೇಕರು ನಿಶ್ಚಿಂತರಾಗುತ್ತಾರೆ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಎಂದಷ್ಟೇ. ಹೀಗೆ ಲೆಕ್ಕ ಹಾಕಿದರೆ 30 ವರ್ಷದ ಅಡಿಕೆ ತೋಟವೊಂದು ತನ್ನ ಆಯುಸ್ಸಿನಲ್ಲಿ ಒಮ್ಮೆಯಾದರೂ ಅಂಥ ಮಳೆಯನ್ನು ಕಾಣುವ ಸಂಭವ ಶೇಕಡಾ 26. ನಾಲ್ಕು ತೋಟಗಳಲ್ಲಿ ಒಂದು! ಇಂಥ ಅಪರೂಪದ ಮಳೆಯ ಅಂದಾಜು ಹತ್ತು ಹದಿನೈದು ವರ್ಷದ ಅಂಕಿಯಿಂದ ಸಿಗುವುದಿಲ್ಲ.

2018ರ ಆಗಸ್ಟ್ 15ರಿಂದ 17ರವರೆಗೆ ಕೇರಳದ ಮೇಲೆ ಸರಾಸರಿ 414 ಮಿಲಿಮೀಟರ್ ಮಳೆ ಬಿತ್ತು. 1924ರ ಜುಲೈ 16ರಿಂದ 18ರವರೆಗೆ 443 ಬಿದ್ದಿತ್ತೆಂದು ಕೇಂದ್ರ ಜಲ ಆಯೋಗದ ವರದಿ ಹೇಳುತ್ತದೆ. ಆಗಿನ ಮಳೆಯೂ ಸಾಮಾನ್ಯದ್ದಲ್ಲ. 414 ಮಿಲಿಮೀಟರ್ ಎಂದರೆ ಒಂದು ಎಕರೆಯ ಮೇಲೆ ಹದಿನಾರೂವರೆ ಲಕ್ಷ ಲೀಟರಿಗೂ ಹೆಚ್ಚು ನೀರು. ಕಣಿ ತೋಡುವವರು ಇದನ್ನು ನೆನಪಿಡಬೇಕು. ಮಳೆಮಾಪಕ ಎಷ್ಟು ಬಿತ್ತೆಂದು ಹೇಳೀತು, ಏಕೆ ಬಿತ್ತೆಂದು ಹೇಳದು. ಮರುವಿಶ್ಲೇಷಣೆಯಲ್ಲಾದರೆ ಒಡಿಶಾ ಕರಾವಳಿಯ ಬಳಿ ವಾಯುಭಾರ ಕುಸಿದದ್ದು, ಅರಬ್ಬೀ ಸಮುದ್ರದಿಂದ ಪಡುಗಾಳಿ ಬಲವಾಗಿ ತೇವವನ್ನು ಹೊತ್ತು ತಂದದ್ದು, ಘಟ್ಟಕ್ಕೆ ಬಡಿದು ಸುರಿದದ್ದು ಗಂಟೆಗಂಟೆಗೂ ಕಾಣುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್‌ಮಲೆಗಳನ್ನು ಗುಡ್ಡ ಕುಸಿದು ನುಂಗಿದ ಬಳಿಕ ಅಂತರರಾಷ್ಟ್ರೀಯ ತಂಡವೊಂದು, ಭೂಮಿ ಬಿಸಿಯಾದದ್ದರಿಂದ ಆ ಮಳೆ ಸುಮಾರು ಶೇಕಡಾ 10ರಷ್ಟು ಹೆಚ್ಚಿತೆಂದು ಅಂದಾಜಿಸಿತು. ಗುಡ್ಡಗಾಡಿನ ಮಳೆಯನ್ನು ಮಾದರಿಗಳು ಪೂರ್ತಿ ಹಿಡಿಯಲಾರವೆಂಬ ಎಚ್ಚರಿಕೆಯನ್ನೂ ಅದು ಸೇರಿಸಿತ್ತು.

ಆ ಎಚ್ಚರಿಕೆ ನಮಗೆ ನೇರವಾಗಿ ತಟ್ಟುತ್ತದೆ. ಇಆರ್‌ಎ-5ರ ಒಂದೊಂದು ಚೌಕ ಸುಮಾರು 31 ಕಿಲೋಮೀಟರ್ ಅಗಲ. 1,992 ಚದರ ಕಿಲೋಮೀಟರಿನ ನಮ್ಮ ಕಾಸರಗೋಡು ಜಿಲ್ಲೆ ಅಂಥ ಎರಡು ಚೌಕಗಳಲ್ಲಿ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಕಡಲ ದಂಡೆಯೂ ಘಟ್ಟದ ಬುಡವೂ ಒಂದೇ ಸರಾಸರಿಯಲ್ಲಿ ಕಲಸಿಹೋದರೆ ವಿಪರೀತ ಮಳೆ ಮೆತ್ತಗಾಗಿಯೇ ಕಾಣುವುದು. ಭಾರತ ಮತ್ತು ಬ್ರಿಟನ್ ಸೇರಿ ಮಾಡಿದ ಮುಂಗಾರಿನ ಮರುವಿಶ್ಲೇಷಣೆಯ ಚೌಕ 12 ಕಿಲೋಮೀಟರ್. ಅದು ವಾಸಿ, ಆದರೂ ನಿಮ್ಮ ಗದ್ದೆಯಲ್ಲ. 2018ರಲ್ಲೇ ನೋಡಿ, 13 ಜಿಲ್ಲೆಗಳಿಗೆ ಕೆಂಪು ಎಚ್ಚರಿಕೆ ಇದ್ದಾಗ ಹೊರಗುಳಿದದ್ದು ಕಾಸರಗೋಡು. ಇನ್ನೊಂದು ಮಾತು: 1979ರ ಸುಮಾರಿಗೆ ಉಪಗ್ರಹಗಳ ಮಾಹಿತಿ ಹೇರಳವಾಗಿ ಸೇರಿತು. ಅದರ ಹಿಂದುಮುಂದಿನ ವ್ಯತ್ಯಾಸವನ್ನೆಲ್ಲ ಹವೆಯ ಬದಲಾವಣೆಯೆಂದು ತಿಳಿಯಬಾರದು.

ಆರೋಗ್ಯದ ವಿಷಯದಲ್ಲಿ ಈ ಸಂಗ್ರಹಗಳ ಉಪಯೋಗ ಹೆಚ್ಚು ನೇರವಾದುದು. ಶಾಖ, ತೇವ, ಗಾಳಿ, ಬಿಸಿಲು ನಾಲ್ಕೂ ಒಟ್ಟಿಗೆ ಸಿಗುವುದರಿಂದ ಮೈಗೆ ತಟ್ಟುವ ಸೆಕೆಯನ್ನೇ ಲೆಕ್ಕ ಮಾಡಬಹುದು. ಕರಾವಳಿಯಲ್ಲಿ 35 ಡಿಗ್ರಿ ಎಂದರೆ ಒಣನಾಡಿನ 35 ಅಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಬಿರುಬೇಸಿಗೆಯಲ್ಲಿ ಕೇರಳದ ಕಾರ್ಮಿಕ ಇಲಾಖೆ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿನ ಕೆಲಸ ಬೇಡವೆನ್ನುವುದು ಸುಮ್ಮನೆ ಅಲ್ಲ. ಸ್ವಂತ ತೋಟವೆಂದು ಯಾರೂ ಮೀರಬೇಡಿ. ತಲೆಸುತ್ತಿ ಮಾತು ತಡವರಿಸಿದರೆ ನೆರಳಿಗೆ ತಂದು ಮೈಗೆ ನೀರು ಹಾಕಿ, ಗಾಳಿ ಬೀಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಿ.

ನಮ್ಮ ಹಿರಿಯರ ವಾದ ತೀರಿಲ್ಲ. ಆದರೆ ಅದನ್ನು ಕೇಳಿಸಿಕೊಂಡ ಒಬ್ಬ ತಾಯಿ, ತೀರಿಹೋದ ಮಾವ ಮಳೆ ಬರೆದಿಡುತ್ತಿದ್ದ ಎರಡು ಪುಸ್ತಕಗಳನ್ನು ಮರುವಾರ ಸೆರಗಿನಲ್ಲಿ ಮುಚ್ಚಿ ತಂದರು. ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಉಳಿದವುಗಳಲ್ಲಿ ತಾರೀಕು, ಮಿಲಿಮೀಟರ್, "ಬೋರ್ಡೋ ಬಿಟ್ಟದ್ದು", "ಸಂಕ ಹೋಯಿತು" ಎಂಬ ಟಿಪ್ಪಣಿಗಳಿವೆ. ಇಂಥ ಪುಸ್ತಕ ಯಾರ ಮನೆಯ ಅಟ್ಟದಲ್ಲಿದ್ದರೂ ಭಾನುವಾರದ ಎರಡನೇ ಪೂಜೆಯ ಬಳಿಕ ತನ್ನಿ. ಯುವಕರು ಅಲ್ಲೇ ಫೋಟೋ ತೆಗೆದು ಪುಸ್ತಕವನ್ನು ಹಿಂದಿರುಗಿಸುತ್ತಾರೆ. ಹೊಸದಾಗಿ ಬರೆಯುವವರು ಮರದ ಮರೆಯಿಲ್ಲದ ಅಂಗಳದಲ್ಲಿ ಮಳೆಮಾಪಕ ಇಟ್ಟು, ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯಿರಿ.