ನರ್ಸ್‌ಗಳ ಕಲಿಕೆ ನಿಲ್ಲಬಾರದು

ನನ್ನ ಅತ್ತೆಗೆ ಸಕ್ಕರೆ ಕಾಯಿಲೆ ಬಂದು ಹದಿನಾರು ವರ್ಷಗಳಾದವು. ಕಳೆದ ಆರು ವರ್ಷಗಳಿಂದ ಇನ್ಸುಲಿನ್ ನಡೆಯುತ್ತಿದೆ. ಶಿವಮೊಗ್ಗದ ಕೋಟೆ ಭಾಗದಲ್ಲಿರುವ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಗೆ ಮುನ್ನ ಅವರಿಗೆ ಸೂಜಿ ಚುಚ್ಚುವ ಕೆಲಸ ನನ್ನದು. ಹೊಕ್ಕುಳಿನ ಬಲಗಡೆ ಒಂದು ಜಾಗವಿತ್ತು. ಅಲ್ಲಿ ಚುಚ್ಚಿದರೆ ನೋವೇ ಆಗುವುದಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಶಾಲೆಗೆ ಹೊರಡುವ ಅವಸರದಲ್ಲಿ ನನಗೂ ಅದೇ ಸುಲಭವಾಗಿತ್ತು. ಹಾಗಾಗಿ ದಿನವೂ ಅದೇ ಜಾಗ.

ಆದರೆ ಸಕ್ಕರೆಯ ಅಂಶ ಇಳಿಯಲಿಲ್ಲ. ತಪಾಸಣೆಗೆ ಹೋದಾಗಲೆಲ್ಲ ಇನ್ಸುಲಿನ್ ಪ್ರಮಾಣ ಎರಡು ಯೂನಿಟ್, ನಾಲ್ಕು ಯೂನಿಟ್ ಎಂದು ಏರುತ್ತಲೇ ಹೋಯಿತು. ಅನ್ನ ಹೆಚ್ಚು ತಿನ್ನುತ್ತೀರಿ, ಸಿಹಿ ಬಿಟ್ಟಿಲ್ಲ ಎಂಬ ಗದರಿಕೆ ಅಲ್ಲಿ. ಮನೆಗೆ ಬಂದರೆ ನಮ್ಮದೂ ಅದೇ ಮಾತು. ಮದುವೆ ಮನೆಯಲ್ಲಿ ಎಲ್ಲರ ಮುಂದೆ ಅವರ ತಟ್ಟೆಯಿಂದ ಸಿಹಿಯನ್ನು ನಾನೇ ಎತ್ತಿಟ್ಟದ್ದೂ ಇದೆ. ಅಂದು ಅವರು ಮಾತನಾಡದೆ ಎದ್ದು ಹೋದರು.

ಒಂದು ಸಂಜೆ ಭದ್ರಾವತಿಯಿಂದ ನಮ್ಮ ನೆಂಟರ ಹುಡುಗಿಯೊಬ್ಬಳು ಬಂದಳು. ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ಮಾತಿಗೆ ಮಾತು ಬಂದು, ಎಲ್ಲಿ ಚುಚ್ಚುತ್ತೀರಿ ಎಂದು ಕೇಳಿದಳು. ಒಳಗೆ ಕರೆದುಕೊಂಡು ಹೋಗಿ ಆ ಜಾಗವನ್ನು ಬೆರಳ ತುದಿಯಿಂದ ಒತ್ತಿ ನೋಡಿದಳು. ನನ್ನ ಬೆರಳನ್ನೂ ಹಿಡಿದು ಅಲ್ಲಿಟ್ಟಳು. ಚರ್ಮದಡಿ ರಬ್ಬರಿನಂತಹ ಒಂದು ಗಂಟು!

“ಒಂದೇ ಕಡೆ ಚುಚ್ಚಿ ಚುಚ್ಚಿ ಇಲ್ಲಿನ ಕೊಬ್ಬು ಊದಿಕೊಂಡು ಗಟ್ಟಿಯಾಗಿದೆ. ನೋವಾಗದಿರುವುದು ಅದಕ್ಕೇ. ಇಲ್ಲಿ ಹಾಕಿದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಗೆಂದು ಇಷ್ಟೇ ಪ್ರಮಾಣವನ್ನು ನಾಳೆಯೇ ಬೇರೆ ಜಾಗಕ್ಕೆ ಹಾಕಿಬಿಡಬೇಡಿ. ಪೂರ್ತಿ ರಕ್ತಕ್ಕೆ ಸೇರಿ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಮೊದಲು ಡಾಕ್ಟರನ್ನು ಕೇಳಿ” ಎಂದಳು.

ವೈದ್ಯರು ಗಂಟನ್ನು ನೋಡಿ ಪ್ರಮಾಣ ಇಳಿಸಿದರು, ಜಾಗ ಬದಲಿಸಲು ಹೇಳಿದರು. ಮೂರು ತಿಂಗಳ ನಂತರದ ತಪಾಸಣೆಯಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ತಪ್ಪು ಅತ್ತೆಯ ತಟ್ಟೆಯಲ್ಲಿರಲಿಲ್ಲ, ನನ್ನ ಸೂಜಿಯಲ್ಲಿತ್ತು.

ಇದನ್ನೆಲ್ಲ ನರ್ಸಿಂಗ್ ಕಾಲೇಜಿನಲ್ಲಿ ಕಲಿತೆಯಾ ಎಂದು ಆ ಹುಡುಗಿಯನ್ನು ಕೇಳಿದೆ. “ಇಲ್ಲ. ಅಲ್ಲಿ ಚುಚ್ಚುವುದನ್ನು ಕಲಿತೆ. ಮುಟ್ಟಿ ನೋಡುವುದನ್ನು ಕಲಿತದ್ದು ಕಳೆದ ವರ್ಷ ಒಂದು ದಿನದ ತರಬೇತಿಯಲ್ಲಿ. ಅವತ್ತು ಭಾನುವಾರ. ಕೆಲಸ ಸಿಕ್ಕಿದ ಮೇಲೂ ಇದೆಂಥ ಓದು ಎಂದು ಮನೆಯಲ್ಲಿ ದೊಡ್ಡ ರಂಪವಾಗಿತ್ತು” ಎಂದಳು.

ಈ ಲೇಖನ ಬರೆಯಲು ಆ ಕೊನೆಯ ಮಾತೇ ಕಾರಣ.

ವಾಸಿಯಾಗದ ಕಾಯಿಲೆಗಳ ಕಾಲ

ಹಿಂದೆ ಆಸ್ಪತ್ರೆಗೆ ಹೋಗುವುದೆಂದರೆ ಜ್ವರ, ಹೆರಿಗೆ, ಅಪಘಾತ. ರೋಗಿ ಹಾಸಿಗೆಯಲ್ಲಿರುತ್ತಿದ್ದ, ನರ್ಸ್ ಔಷಧಿ ಕೊಡುತ್ತಿದ್ದಳು, ವಾಸಿಯಾದರೆ ಮನೆಗೆ. ಈಗ ನಮ್ಮ ಮನೆಗಳಲ್ಲಿರುವ ಕಾಯಿಲೆಗಳು ಹಾಗಲ್ಲ. ಮಧುಮೇಹ, ರಕ್ತದೊತ್ತಡ, ಉಬ್ಬಸ, ಹೃದ್ರೋಗ, ಮೂತ್ರಪಿಂಡದ ವೈಫಲ್ಯ. ಇವು ಬಂದರೆ ಹೆಚ್ಚಾಗಿ ಜೀವನವಿಡೀ ಜೊತೆಗಿರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ಇಂತಹ ರೋಗಿ ವೈದ್ಯರ ಮುಂದೆ ಕೂರುವುದು ತಿಂಗಳಿಗೆ ಐದು ನಿಮಿಷ. ಉಳಿದ ಸಮಯವೆಲ್ಲ ಮನೆಯಲ್ಲಿ. ಅಲ್ಲಿ ಔಷಧಿ ಕೊಡುವುದು, ಅಡುಗೆ ಮಾಡುವುದು, ಗಾಯ ನೋಡುವುದು ತಾಯಿ, ಸೊಸೆ ಅಥವಾ ಮಗಳು. ಅವರಿಗೆ ಇದನ್ನೆಲ್ಲ ಕಲಿಸಬೇಕಾದವರು ಯಾರು? ನರ್ಸ್. ಅಂದರೆ ಇಂದಿನ ನರ್ಸ್ ಶುಶ್ರೂಷೆ ಮಾಡುವವಳಷ್ಟೇ ಅಲ್ಲ, ಒಬ್ಬ ಶಿಕ್ಷಕಿ ಕೂಡ. ಕಲಿಸುವವರು ಕಲಿಯುವುದನ್ನು ಬಿಟ್ಟರೆ ಏನಾಗುತ್ತದೆ ಎಂಬುದು ಶಿಕ್ಷಕಿಯಾಗಿ ನನಗೆ ಗೊತ್ತು.

ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷವಿದೆ. ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯು ನಿಯಂತ್ರಣಕ್ಕಾಗಿ ಕೇಂದ್ರ ಸರಕಾರವು 2010ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಮೊದಲ ಹಂತಕ್ಕೆ ದೇಶದ 100 ಜಿಲ್ಲೆಗಳನ್ನು ಆರಿಸಿಕೊಂಡಿತು. ಕರ್ನಾಟಕದಿಂದ ಆಯ್ಕೆಯಾದವು ಐದು: ಶಿವಮೊಗ್ಗ, ಕೋಲಾರ, ಉಡುಪಿ, ತುಮಕೂರು, ಚಿಕ್ಕಮಗಳೂರು. 2018ರ ನಂತರ ಹಳ್ಳಿಗಳ ಉಪಕೇಂದ್ರಗಳಿಗೂ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರು. 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸುವುದು, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್‌ನ ತಪಾಸಣೆ ನಡೆಸುವುದು ಅವರ ಕೆಲಸಗಳಲ್ಲಿ ಸೇರಿವೆ. ಹೀಗೆ ಕಾಯಿಲೆಯನ್ನು ಹುಡುಕಿ ಹಿಡಿಯುವ ಹೊಣೆಯ ದೊಡ್ಡ ಪಾಲು ಈಗ ನರ್ಸ್‌ಗಳ ಹೆಗಲ ಮೇಲಿದೆ.

150 ಗಂಟೆಗಳ ಲೆಕ್ಕ

ಜನರಲ್ ನರ್ಸಿಂಗ್ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಅಲ್ಲಿಗೆ ಓದು ಮುಗಿಯಿತು ಎಂದು ನಮ್ಮ ಅನೇಕ ಮನೆಗಳಲ್ಲಿ ಭಾವಿಸಲಾಗಿದೆ. ಹಾಗಿಲ್ಲ. ನರ್ಸ್‌ಗಳು ತಮ್ಮ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕಾಗಿ ಆ ಅವಧಿಯಲ್ಲಿ 150 ಗಂಟೆಗಳ ಮುಂದುವರಿದ ನರ್ಸಿಂಗ್ ಶಿಕ್ಷಣ ಪಡೆದಿರಬೇಕು ಎಂಬ ನಿಯಮವನ್ನು ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿತು. ಲೆಕ್ಕ ಹಾಕಿದರೆ ವರ್ಷಕ್ಕೆ 30 ಗಂಟೆ. ದಿನಕ್ಕೆ ಆರು ಗಂಟೆಯಂತೆ ವರ್ಷದಲ್ಲಿ ಐದೇ ಐದು ದಿನ. ನರ್ಸಿಂಗ್ ವೃತ್ತಿಗೆ ಸಂಬಂಧಿಸಿದ ಹೊಸ ಕಾಯಿದೆಗೂ 2023ರಲ್ಲಿ ಸಂಸತ್ತು ಒಪ್ಪಿಗೆ ನೀಡಿದೆ.

ಐದು ದಿನ ದೊಡ್ಡದಲ್ಲ. ಆದರೆ ಪಾಳಿ ಕೆಲಸ ಮಾಡಿ ಬಂದು ಮನೆಯ ಅಡುಗೆ, ಮಕ್ಕಳು ಎಲ್ಲವನ್ನೂ ನೋಡುವ ಹೆಣ್ಣಿಗೆ ಆ ಐದು ದಿನಗಳು ವಾರದ ರಜೆಯಿಂದಲೇ ಬರಬೇಕು. ಕೆಲವು ಕಡೆ ಸಂಬಳ ಕಡಿತವಾಗುತ್ತದೆ. ಕೆಲವು ಕಡೆ ಬದಲಿ ನರ್ಸ್ ಇರುವುದಿಲ್ಲ. ಇದೆಲ್ಲವನ್ನು ದಾಟಿ ಬಂದರೆ ಮನೆ ಬಾಗಿಲಲ್ಲಿ ನಾವು ನಿಂತಿರುತ್ತೇವೆ.

ತರಬೇತಿಯಲ್ಲಿ ಇರುವುದೇನು?

ಆ ಹುಡುಗಿ ತನ್ನ ಟಿಪ್ಪಣಿ ಪುಸ್ತಕ ತೋರಿಸಿದಳು. ಅದರಲ್ಲಿದ್ದದ್ದು ದೊಡ್ಡ ಯಂತ್ರಗಳ ಮಾತಲ್ಲ. ಕೆಲವನ್ನು ಇಲ್ಲಿ ಕೊಡುತ್ತಿದ್ದೇನೆ, ನಮಗೂ ಉಪಯೋಗಕ್ಕೆ ಬರುತ್ತವೆ.

ರಕ್ತದೊತ್ತಡ ನೋಡುವ ಮುನ್ನ ರೋಗಿ ಐದು ನಿಮಿಷ ಸುಮ್ಮನೆ ಕೂತಿರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದಗಳು ನೆಲದ ಮೇಲಿರಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು. ಅರ್ಧ ಗಂಟೆ ಮುಂಚೆ ಚಹಾ ಕುಡಿದಿರಬಾರದು. ಅಳೆಯುವಾಗ ಮಾತು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ, ಬುರ್ಖಾದ ತೋಳಿನ ಮೇಲೆಯೇ ಪಟ್ಟಿ ಸುತ್ತಿದರೆ ಸಿಗುವ ಲೆಕ್ಕ ನಂಬುವಂಥದ್ದಲ್ಲ. ಮಹಿಳೆಯರಿಗೆ ಪರದೆಯ ಹಿಂದೆ ತೋಳು ತೆರೆಯಲು ಅವಕಾಶ ಮಾಡಿಕೊಡುವುದೂ ನರ್ಸ್‌ನ ಕೆಲಸದ ಭಾಗವೇ.

ಸಕ್ಕರೆ ಕಾಯಿಲೆಯವರ ಪಾದವನ್ನು ದಿನವೂ ನೋಡಬೇಕು. ಅವರ ಪಾದದ ಸ್ಪರ್ಶಜ್ಞಾನ ಕುಂದಿರಬಹುದು, ಮುಳ್ಳು ಚುಚ್ಚಿದರೂ ತಿಳಿಯದು. ವುಝೂ ಮಾಡುವ ನಮ್ಮವರು ದಿನಕ್ಕೆ ಹಲವು ಬಾರಿ ಪಾದ ತೊಳೆಯುತ್ತಾರೆ, ಇದು ಒಳ್ಳೆಯದು. ಆದರೆ ಬೆರಳುಗಳ ಸಂದಿಯನ್ನು ಒರೆಸದೆ ಬಿಟ್ಟರೆ ಅಲ್ಲಿ ಶಿಲೀಂಧ್ರ ಬೆಳೆದು ಚರ್ಮ ಬಿರಿಯುತ್ತದೆ. ತೊಳೆದ ಮೇಲೆ ಮೆತ್ತಗಿನ ಬಟ್ಟೆಯಿಂದ ಸಂದಿ ಒರೆಸಬೇಕು. ಚಳಿಗಾಲದಲ್ಲಿ ನೀರಿನ ಬಿಸಿಯನ್ನು ಮನೆಯ ಬೇರೊಬ್ಬರು ಮೊಣಕೈಯಿಂದ ನೋಡಿ ಕೊಡಬೇಕು.

ಉಬ್ಬಸದವರಿಗೆ ಕೊಡುವ ಇನ್ಹೇಲರ್ ಅನ್ನು ಕುಲುಕಿ, ಉಸಿರು ಹೊರಬಿಟ್ಟು, ನಿಧಾನವಾಗಿ ಒಳಗೆಳೆಯುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ನಂತರ ಬಾಯಿ ಮುಕ್ಕಳಿಸಬೇಕು. ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಕೈಯಲ್ಲಿ ರಕ್ತದೊತ್ತಡ ನೋಡಬಾರದು, ರಕ್ತ ತೆಗೆಯಬಾರದು, ಬಿಗಿಯಾದ ಬಳೆಯೂ ಬೇಡ.

ಇವೆಲ್ಲ ಸಣ್ಣ ಸಂಗತಿಗಳು. ಆದರೆ ಕಾಲು ಉಳಿಯುವುದೂ ಹೋಗುವುದೂ ಇಂತಹ ಸಣ್ಣ ಸಂಗತಿಗಳಿಂದಲೇ.

ರಮಝಾನ್ ತಿಂಗಳ ಪಾಠ

ನಮ್ಮ ಹೆಣ್ಣುಮಕ್ಕಳು ಈ ವೃತ್ತಿಯಲ್ಲಿ ಏಕಿರಬೇಕು, ಏಕೆ ಕಲಿಯುತ್ತಿರಬೇಕು ಎಂಬುದಕ್ಕೆ ರಮಝಾನ್ ಒಂದು ಉತ್ತರ. ರೋಗಿಗೆ ಉಪವಾಸದಿಂದ ವಿನಾಯಿತಿ ಇದೆ ಎಂದು ಕುರ್‌ಆನ್ ಹೇಳುತ್ತದೆ. ಇದನ್ನು ಬಲ್ಲ ಹಿರಿಯರೂ ಬಿಡಲು ಒಪ್ಪುವುದಿಲ್ಲ. ವೈದ್ಯರಿಗೆ ಹೇಳದೆ ಉಪವಾಸ ಹಿಡಿಯುತ್ತಾರೆ, ಸಹರಿಯ ಹೊತ್ತಿಗೆ ಮನಸ್ಸಿಗೆ ಬಂದಷ್ಟು ಇನ್ಸುಲಿನ್ ಹಾಕಿಕೊಳ್ಳುತ್ತಾರೆ.

ಉಪವಾಸ ಹಿಡಿಯುವ ಮಧುಮೇಹಿಗಳಿಗಾಗಿ ಅಂತಾರಾಷ್ಟ್ರೀಯ ಮಟ್ಟದ ಮಾರ್ಗಸೂಚಿಗಳೇ ಇವೆ. ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಸಮಯ, ಇನ್ಸುಲಿನ್ ಪ್ರಮಾಣ ಬದಲಿಸಿಕೊಳ್ಳಬೇಕು. ಹಗಲಿನಲ್ಲಿ ಸಕ್ಕರೆ ಪರೀಕ್ಷಿಸುತ್ತಿರಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲವೆಂಬುದು ವಿದ್ವಾಂಸರ ವ್ಯಾಪಕ ಅಭಿಪ್ರಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಲೇಬೇಕು. ಮಗ್‌ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಸರಿ.

ಈ ಮಾತನ್ನು ಸಹರಿ ಎಂದರೇನೆಂದು ಬಲ್ಲ ನರ್ಸ್ ಹೇಳಿದರೆ ನಮ್ಮ ಅಜ್ಜಿಯರು ಕೇಳುತ್ತಾರೆ. ಹಾಗೆಯೇ, ತರಬೇತಿಯಲ್ಲಿ ಇದನ್ನು ಕಲಿತ ಯಾವ ಧರ್ಮದ ನರ್ಸ್ ಹೇಳಿದರೂ ಕೇಳುತ್ತಾರೆ. ಪ್ರವಾದಿ(ಸ)ಯವರ ಕಾಲದಲ್ಲಿ ಮದೀನಾದ ಮಸೀದಿಯ ಬಳಿ ಡೇರೆ ಹಾಕಿ ಗಾಯಾಳುಗಳನ್ನು ಉಪಚರಿಸಿದ ರುಫೈದಾ ಅಲ್ ಅಸ್ಲಮಿಯ್ಯಾರನ್ನು ಹೆಮ್ಮೆಯಿಂದ ನೆನೆಯುವ ನಾವು, ನಮ್ಮದೇ ಮನೆಯ ನರ್ಸ್ ಭಾನುವಾರ ತರಬೇತಿಗೆ ಹೊರಟರೆ ಮುಖ ಗಂಟಿಕ್ಕುವುದು ಸರಿಯೇ?

ಮನೆಯವರು ಮಾಡಬೇಕಾದದ್ದು

ಸಹೋದರಿಯರೇ, ಆಸ್ಪತ್ರೆಗಳು ರಜೆ ಕೊಡಲಿ, ಖರ್ಚು ಭರಿಸಲಿ ಎಂದು ಕೇಳುವುದು ನ್ಯಾಯವೇ. ಆದರೆ ನಮ್ಮ ಕೈಯಲ್ಲೇ ಇರುವ ಕೆಲಸವೂ ಇದೆ. ನಿಮ್ಮ ಮಗಳೋ ಸೊಸೆಯೋ ನರ್ಸ್ ಆಗಿದ್ದರೆ ವರ್ಷದ ಆ ಐದು ದಿನ ಅಡುಗೆಮನೆಯ ಹೊಣೆಯನ್ನು ಬೇರೆಯವರು ಹೊರಲಿ, ಗಂಡಸರೂ ಹೊರಬಹುದು. ಮಕ್ಕಳಾದ ಮೇಲೆ ಕೆಲಸ ಬಿಟ್ಟವರಿದ್ದರೆ ನೋಂದಣಿ ನವೀಕರಣಗೊಂಡಿದೆಯೇ ಎಂದು ವಿಚಾರಿಸಿ. ನಾಳೆ ಮತ್ತೆ ದುಡಿಯಬೇಕಾಗಿ ಬಂದರೆ ಕೈಯಲ್ಲಿ ಕಾಗದ ಇರಲಿ. ಮನೆಯಲ್ಲಿ ದೀರ್ಘಕಾಲದ ರೋಗಿ ಇದ್ದರೆ ಆಸ್ಪತ್ರೆಯಲ್ಲಿ ನರ್ಸ್‌ಗೆ ಎರಡು ಪ್ರಶ್ನೆ ಕೇಳಿ: ನಾನು ಮಾಡುವ ರೀತಿ ಸರಿಯೇ? ಒಮ್ಮೆ ಮಾಡಿ ತೋರಿಸಲೇ?

ನಾನು ಆರು ವರ್ಷ ಆ ಪ್ರಶ್ನೆ ಕೇಳಲಿಲ್ಲ.

ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಕಾಗದ ಅಂಟಿಸಿದೆ. ಹೊಟ್ಟೆಯ ಚಿತ್ರ ಬರೆದು ನಾಲ್ಕು ಭಾಗ ಮಾಡಿ, ಗಂಟಿರುವ ಜಾಗಕ್ಕೆ ಕೆಂಪು ಬಳಿದು ಕೊಟ್ಟವಳು ಅದೇ ಹುಡುಗಿ. ವಾರಕ್ಕೊಂದು ಭಾಗ, ಹಿಂದಿನ ದಿನದ ಜಾಗದಿಂದ ಒಂದು ಬೆರಳಿನಷ್ಟು ದೂರ. ಪ್ರತಿದಿನ ಚುಚ್ಚಿದ ಮೇಲೆ ಅತ್ತೆ ತಾವೇ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ. ಮೊನ್ನೆ ಆಕೆ ಉಸಿರಾಟದ ಕಾಯಿಲೆಗಳ ಕುರಿತ ಇನ್ನೊಂದು ತರಬೇತಿಗೆಂದು ಶಿವಮೊಗ್ಗಕ್ಕೆ ಬಂದಿದ್ದಳು. ಅವಳ ಎರಡು ವರ್ಷದ ಮಗುವನ್ನು ಸಂಜೆಯವರೆಗೂ ಮಡಿಲಲ್ಲಿಟ್ಟುಕೊಂಡು ಕೂತವರು ನನ್ನ ಅತ್ತೆ.