ರಬ್ಬರಿನ ಒಡಲಲ್ಲಿ ಉಳಿಯುವ ಕಾವು

2019ರ ಫೆಬ್ರವರಿ 23, ಏರೋ ಇಂಡಿಯಾ ಪ್ರದರ್ಶನದ ಶನಿವಾರ. ಬೆಂಗಳೂರಿನ ಜಕ್ಕೂರಿನಿಂದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದ ಯಲಹಂಕ ವಾಯುನೆಲೆಯ ಬಳಿ, ವಾಹನ ನಿಲ್ಲಿಸಿದ್ದ ಬಯಲಿನ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಜೋರಾಗಿತ್ತು. ಸುಮಾರು 300 ಕಾರುಗಳು ಸುಟ್ಟುಹೋದವು. ಯಾರ ಪ್ರಾಣವೂ ಹೋಗಲಿಲ್ಲ. ಅಂದು ಎದ್ದ ದಟ್ಟ ಕಪ್ಪು ಹೊಗೆ ಬರೀ ಹುಲ್ಲಿನದಲ್ಲ. ಟೈರು, ಪ್ಲಾಸ್ಟಿಕ್ಕು, ಇಂಧನ ಎಲ್ಲವೂ ಉರಿದಿದ್ದವು.

ಒಂದು ಕಾರಿಗೆ ಐದು ಟೈರು. ಗೋದಾಮಿನಲ್ಲಿ ಸಾವಿರಾರು.

ಒಂದು ಕಿಲೋ ಟೈರು ಉರಿದರೆ ಒಳ್ಳೆಯ ಕಲ್ಲಿದ್ದಲಿನಷ್ಟೇ ಶಾಖ, ಅಂದರೆ ಸುಮಾರು 30 ಮೆಗಾಜೂಲ್, ಹೊರಬೀಳುತ್ತದೆ. ರಬ್ಬರಿಗೆ ಬೆಂಕಿ ಬೇಗ ಹತ್ತದು, ಹತ್ತಿದರೆ ಬಿಡದು. ಪೀಣ್ಯದ ಸಣ್ಣ ಘಟಕವಾಗಲಿ, ಮೈಸೂರಿನ ಟೈರು ಕಾರ್ಖಾನೆಯಾಗಲಿ, ಎಲ್ಲೆಡೆಯೂ ಕಾಯಬೇಕಾದದ್ದು ಬೆಂಕಿಗೆ ಮುಂಚಿನ ಕಾವನ್ನು.

ಆ ಕಾವು ಮಿಕ್ಸರಿನಲ್ಲೇ ಶುರು. ಕಚ್ಚಾ ರಬ್ಬರಿಗೆ ಕಾರ್ಬನ್ ಬ್ಲ್ಯಾಕ್, ಎಣ್ಣೆ, ಗಂಧಕ ಸೇರಿಸಿ ನಾದುವಾಗ ತಿಕ್ಕಾಟದಿಂದಲೇ ಬಿಸಿಯೇರುತ್ತದೆ. ಗಾಳಿಯಲ್ಲಿ ತೇಲುವ ಗಂಧಕದ ಪುಡಿ ಒಂದು ಕಿಡಿಗೆ ಸ್ಫೋಟಿಸಬಲ್ಲದು. ರಬ್ಬರ್ ಸೊಲ್ಯೂಷನ್ ಬಳಿಯುವ ಕಡೆ ದ್ರಾವಕದ ಆವಿ ತುಂಬಿರುತ್ತದೆ. ರೋಲರುಗಳ ನಡುವೆ ಓಡುವ ಹಾಳೆಯಲ್ಲಿ ಸ್ಥಿರ ವಿದ್ಯುತ್ತು ಹುಟ್ಟುತ್ತದೆ. ಅಲ್ಲಿ ಯಂತ್ರಕ್ಕೆ ಅರ್ಥಿಂಗ್ ತಪ್ಪಿದರೆ ಬೇರೆ ಬೆಂಕಿಕಡ್ಡಿ ಬೇಕಿಲ್ಲ.

ಆದರೆ ಹೆಚ್ಚು ಮೋಸ ಮಾಡುವುದು ಯಂತ್ರವಲ್ಲ, ರಾಶಿ. ಸುಮಾರು 150 ಡಿಗ್ರಿಯ ಪ್ರೆಸ್ಸಿನಿಂದ ಹೊರಬಂದ ಮಾಲು ಮುಟ್ಟಲು ತಣ್ಣಗಿದ್ದರೂ ಒಳಗೆ ಬಿಸಿಯಾಗಿರುತ್ತದೆ, ಏಕೆಂದರೆ ರಬ್ಬರು ಶಾಖವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದನ್ನು ಒತ್ತೊತ್ತಾಗಿ ಪೇರಿಸಿದರೆ ಆಮ್ಲಜನಕದೊಡನೆ ವರ್ತಿಸುತ್ತ ರಾಶಿಯ ನಡುವೆ ಕಾವು ಏರುತ್ತಲೇ ಹೋಗಬಹುದು. ಫೋಮ್ ರಬ್ಬರು ಮತ್ತು ರಬ್ಬರು ಪುಡಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ರೀಟ್ರೆಡಿಂಗ್ ಅಂಗಡಿಗಳಲ್ಲಿ ಟೈರು ಉಜ್ಜಿದ ಪುಡಿಯೊಳಗೆ ಸೇರಿಕೊಂಡ ಕಿಡಿ ಗಂಟೆಗಟ್ಟಲೆ ಹೊಗೆಯಿಲ್ಲದೆ ಕಾಯುತ್ತದೆ. ಕೆಲಸಗಾರರೆಲ್ಲ ಮನೆ ಸೇರಿದ ಮೇಲೆ ಹೊತ್ತಿಕೊಳ್ಳುತ್ತದೆ. ಮಾಲನ್ನು ಹರಡಿ ಆರಿಸುವುದು, ಪುಡಿಯನ್ನು ದಿನದಿನ ಹೊರಸಾಗಿಸುವುದು, ರಾಶಿಗಳ ನಡುವೆ ಹಾದಿ ಬಿಡುವುದು ದುಬಾರಿ ಕೆಲಸಗಳಲ್ಲ. ಜಾಗದ ಆಸೆಗೆ ಮೊದಲು ಬಲಿಯಾಗುವುದೂ ಇವೇ.

1948ರ ಕಾರ್ಖಾನೆಗಳ ಕಾಯ್ದೆಯ 38ನೇ ಕಲಮು ಬೆಂಕಿಯಿಂದ ಪಾರಾಗುವ ದಾರಿಯನ್ನೂ ಅದರ ತರಬೇತಿಯನ್ನೂ ಕಡ್ಡಾಯ ಮಾಡಿತು. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್, ಗಂಧಕದ ಡೈಆಕ್ಸೈಡ್ ಇರುವುದರಿಂದ ಆ ದಾರಿಗೆ ಮೂಟೆ ಅಡ್ಡ ಇಡುವುದು ಜೀವಕ್ಕೇ ಅಡ್ಡ ಇಟ್ಟಂತೆ.

ಬೆಂಕಿ ಬಿದ್ದ ಮೇಲೆ ಆರಿಸುವುದೂ ಕಷ್ಟ. ಟೈರಿನ ಪೊಳ್ಳಿನಲ್ಲಿ ಗಾಳಿ ತುಂಬಿರುತ್ತದೆ, ನೀರು ಒಳಮುಖಕ್ಕೆ ತಲುಪುವುದಿಲ್ಲ. 1983ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಸುಮಾರು 70 ಲಕ್ಷ ಹಳೆಯ ಟೈರುಗಳ ರಾಶಿಗೆ ಬಿದ್ದ ಬೆಂಕಿ ತಿಂಗಳುಗಟ್ಟಲೆ ಉರಿಯಿತು. ಕರಗಿದ ಟೈರು ಎಣ್ಣೆಯಾಗಿ ಹರಿಯಿತು. ಬೆಂಕಿಗೆ ಸುರಿದ ನೀರು ಈ ಎಣ್ಣೆಯನ್ನು ಹೊತ್ತು ಇಳಿಜಾರಿಗೆ, ನಮ್ಮಲ್ಲಾದರೆ ರಾಜಕಾಲುವೆ ಹಿಡಿದು ಕೆರೆಗೆ, ಹೋಗುತ್ತದೆ. ಜಕ್ಕೂರು ಕೆರೆಗೆ ಸಂಸ್ಕರಿಸಿದ ಕೊಳಚೆ ನೀರು ಜೌಗು ಗಿಡಗಳ ನಡುವೆ ಸೋಸಿಕೊಂಡು ಬರುತ್ತದೆ. ಅಂಥ ಗಿಡಗಳು ಸಾರಜನಕ, ರಂಜಕಗಳನ್ನು ಹೀರಬಲ್ಲವು, ಟೈರಿನ ಎಣ್ಣೆಯನ್ನಲ್ಲ. ಗೋದಾಮಿನ ಸುತ್ತ ನೀರು ನಿಲ್ಲಿಸುವ ಕಟ್ಟೆ, ಮಳೆಚರಂಡಿಗೆ ಮುಚ್ಚುವ ಬಾಗಿಲು ಇದಕ್ಕಾಗಿಯೇ ಬೇಕು. ಆ ಬಾಗಿಲಿನ ಹಿಡಿ ಎಲ್ಲಿದೆಯೆಂದು ರಾತ್ರಿ ಪಾಳಿಯ ಕಾವಲುಗಾರರಿಗೂ ಗೊತ್ತಿರಬೇಕು.